ಶುಕ್ರವಾರದ ಟಿಕ್

ರಾತ್ರಿ ಹನ್ನೆರಡರ ಹೊತ್ತಿಗೆ ಸರ್ರೆಂದು ಒಂದು ಸಣ್ಣ ಸದ್ದು. ಇಲಿಯಲ್ಲ, ಜಿರಲೆಯಲ್ಲ. ನನ್ನ ಮೈಮೇಲೆ ಪೆನ್ನು ಎಳೆದ ಸದ್ದು. ನನಗೆ ಮೊದಲ ಅನುಮಾನ ಹುಟ್ಟಿದ್ದು ಆಗ.

ನಾನು ಒಂದು ನೋಟ್‌ಬುಕ್. ಹುಬ್ಬಳ್ಳಿಯ ಬೈಂಡಿಂಗ್ ಅಂಗಡಿಯೊಂದರಲ್ಲಿ ಹುಟ್ಟಿದೆ. ಇನ್ನೂರು ಪುಟ, ನೀಲಿ ರಟ್ಟು, ಬೆನ್ನಿಗೆ ಕೆಂಪು ಬಟ್ಟೆ. ನನ್ನನ್ನು ಹೊಲಿದ ಮುದುಕಿ ದಾರವನ್ನು ಎರಡೆರಡು ಸಲ ಎಳೆದು ನೋಡುತ್ತಿದ್ದಳು. ಆ ಬುದ್ಧಿ ನನಗೂ ಅಂಟಿರಬೇಕು.

ನನ್ನನ್ನು ಕೊಂಡವನು ಮಹಾಂತೇಶ ಹಂಚಿನಮನಿ. ಕಣ್ಣಿನ ಆಸ್ಪತ್ರೆಗೆ ಸಾಫ್ಟ್‌ವೇರ್ ಬರೆಯುವ ಸಣ್ಣ ಕಚೇರಿಯಲ್ಲಿ ಅವನೇ ಹಿರಿಯ. ಉಳಿದವರು ಕೆಲಸದ ಪಟ್ಟಿಯನ್ನು ಫೋನಿನಲ್ಲಿಟ್ಟು ಮರೆಯುತ್ತಿದ್ದರು. ಅವನು ನನ್ನಲ್ಲಿ ಬರೆಯುತ್ತಿದ್ದ: ಒಂದೊಂದು ಕೆಲಸಕ್ಕೆ ಒಂದು ಚೌಕ, ಮುಗಿದರೆ ಅದರೊಳಗೆ ಟಿಕ್. ಮಹಾಂತೇಶನ ಪುಸ್ತಕದಾಗ ಟಿಕ್ ಬಿತ್ತಂದ್ರ ಕೆಲಸ ಮುಗೀತು ಎಂದು ಕಚೇರಿಯೇ ಹೇಳುತ್ತಿತ್ತು.

ಆ ರಾತ್ರಿ ನಾನು ಕಂಡದ್ದು ಬೇರೆ. ಅವನು ನಾಳೆಯ ಚೌಕಗಳಿಗೆ ಇಂದೇ ಟಿಕ್ ಹಾಕುತ್ತಿದ್ದ. ಖಾಲಿ ಚೌಕ ಕಂಡರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬೆಳಗಾದ ಮೇಲೆ ಹೆಚ್ಚಿನವನ್ನು ಮಾಡಿಯೂ ಮುಗಿಸುತ್ತಿದ್ದ. ಹೆಚ್ಚಿನವನ್ನು, ಎಲ್ಲವನ್ನಲ್ಲ. ಆಸ್ಪತ್ರೆಯ ದಾಖಲೆಗಳ ನಕಲು ಪ್ರತಿರಾತ್ರಿ ತಾನೇ ಆಗುತ್ತಿತ್ತು. ಆ ಬ್ಯಾಕಪ್ ಸರಿಯಿದೆಯೇ ಎಂದು ಶುಕ್ರವಾರಕ್ಕೊಮ್ಮೆ ತೆರೆದು ನೋಡಬೇಕಿತ್ತು. ಅದಕ್ಕೆ ಅವನು ಮುಂದಿನ ತಿಂಗಳ ಎಲ್ಲ ಶುಕ್ರವಾರಗಳ ಟಿಕ್‌ಗಳನ್ನೂ ಒಮ್ಮೆಲೇ ಹಾಕಿಬಿಡುತ್ತಿದ್ದ.

ಜೂನ್ ಕೊನೆಗೆ ಅವನು ಬೇರೆ ಕೆಲಸ ಹಿಡಿದ. ನನ್ನನ್ನು ಮಂಗಲಾ ಬಡಿಗೇರಳ ಕೈಗಿತ್ತು, "ಇದರಾಗ ಎಲ್ಲಾ ಐತಿ ತಂಗಿ. ಇದನ್ನ ನೋಡ್ಕೊಂಡ್ ಹೋದ್ರ ಸಾಕು" ಎಂದ.

ಮಂಗಲಾ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಜುಲೈ ದಾಟಿದರೆ ಖಾಯಂ. ಜುಲೈ ಐದರ ಶುಕ್ರವಾರ ನನ್ನನ್ನು ತೆರೆದಳು. ಟಿಕ್ ಇತ್ತು. ಪುಟ ಮಗುಚಿದಳು. ಹನ್ನೆರಡರಂದೂ ಹಾಗೆಯೇ. ಜೂನಿನಲ್ಲಿ ಹೋದವನು ಜುಲೈಯಲ್ಲಿ ಬಂದು ಹೇಗೆ ನೋಡಿದ ಎಂದು ಅವಳಿಗೆ ಹೊಳೆಯಲಿಲ್ಲವೇ? ಹೊಳೆದೂ, ಕೈತುಂಬ ಕೆಲಸವಿದ್ದದ್ದರಿಂದ ಸುಮ್ಮನಾದಳೇ? ಅವಳ ಹೆಬ್ಬೆರಳು ಆ ಟಿಕ್ ಮೇಲೆ ಒಂದು ಗಳಿಗೆ ನಿಂತಿತ್ತು. ನನಗೆ ಗೊತ್ತಿರುವುದು ಅಷ್ಟೇ.

ಹದಿನಾರರಂದು ಆಸ್ಪತ್ರೆಯ ಕಂಪ್ಯೂಟರ್ ಕೆಟ್ಟಿತು. ಬ್ಯಾಕಪ್ ತೆರೆದರೆ ಜೂನ್ ಮೂವತ್ತರ ಆಚೆಗೆ ಏನೂ ಇಲ್ಲ. ಹದಿನೈದು ದಿನಗಳಲ್ಲಿ ಬಂದುಹೋದ ರೋಗಿಗಳನ್ನೆಲ್ಲ ಮತ್ತೆ ಕರೆಸಿ ಕಣ್ಣು ನೋಡಬೇಕಾಯಿತು. ಕಚೇರಿಯ ಮ್ಯಾನೇಜರ್ ಇನಾಮದಾರರು ಕೂಗಾಡಲಿಲ್ಲ. "ಶುಕ್ರವಾರ ನೋಡಿದ್ರೇನು? ನಾಳೆ ಆ ಪುಸ್ತಕ ತೊಗೊಂಡ್ ಬರ್ರಿ" ಎಂದಷ್ಟೇ ಹೇಳಿದರು.

ಸಂಜೆ ಮಂಗಲಾ ತನ್ನ ಬಾಡಿಗೆ ಕೋಣೆಯಲ್ಲಿ ನನ್ನನ್ನು ಬಿಚ್ಚಿದಳು. ಹತ್ತೊಂಬತ್ತಕ್ಕೂ ಇಪ್ಪತ್ತಾರಕ್ಕೂ ಟಿಕ್ ಬಿದ್ದಿತ್ತು. ಇನ್ನೂ ಬಾರದ ದಿನಗಳು. ಅವಳು ದೀರ್ಘವಾಗಿ ಉಸಿರುಬಿಟ್ಟಳು. ಈ ಪುಟ ತೋರಿಸಿದರೆ ಸಾಕು, ತಪ್ಪು ಯಾರದೆಂದು ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಫೋನು ಬಂತು. ಮಹಾಂತೇಶ. ಊಟವಾಯಿತೇ, ಅವ್ವ ಹೇಗಿದ್ದಾಳೆ ಎಂದೆಲ್ಲ ಕೇಳಿದ. ಆಮೇಲೆ ನನ್ನ ವಿಷಯಕ್ಕೆ ಬಂದ; ಆಸ್ಪತ್ರೆಯ ಸುದ್ದಿ ಅವನಿಗೂ ಮುಟ್ಟಿರಬೇಕು.

"ಆ ಹಳೇ ಪುಸ್ತಕ ಇನ್ನೂ ಐತೇನ್ ತಂಗಿ? ರದ್ದಿಗೆ ಹಾಕಿಬಿಡು."

"ಯಾಕ್ರಿ ಅಣ್ಣಾರ?"

"ಸುಮ್ನ ಹೇಳಿದೆ. ಬರೆದಂವನ್ನಷ್ಟ ಕೇಳ್ತಾರೇನು? ಓದಿದಾಕಿನ್ನೂ ಕೇಳ್ತಾರ."

ಮರುದಿನ ಅವಳು ನನ್ನನ್ನು ಕೋಣೆಯಲ್ಲೇ ಬಿಟ್ಟು ಹೋದಳು.

ಈಗ ನಾನು ಕಪಾಟಿನ ಮೇಲೆ, ಬ್ಯಾಂಕಿನ ಹಳೆಯ ಕ್ಯಾಲೆಂಡರುಗಳ ಅಡಿಯಲ್ಲಿದ್ದೇನೆ. ಬೆನ್ನಿನ ಬಟ್ಟೆ ಸವೆದು ಪಿಸಿದಿದೆ. ಅವಳು ನನ್ನನ್ನು ರದ್ದಿಗೂ ಹಾಕಲಿಲ್ಲ. ಮಹಾಂತೇಶನ ಮೇಲಿನ ಕನಿಕರವೋ, ಅವನ ಮಾತಿನ ಹೆದರಿಕೆಯೋ, ಎಂದಾದರೂ ಬೇಕಾದೀತೆಂಬ ಲೆಕ್ಕಾಚಾರವೋ ನಾನರಿಯೆ. ಇಷ್ಟು ಮಾತ್ರ ಬಲ್ಲೆ: ಮುಗಿದ ಕೆಲಸವೂ ಮುಗಿಯದ ಕೆಲಸವೂ ನನ್ನ ಮೇಲೆ ಒಂದೇ ಥರ ಕಾಣುತ್ತವೆ.

ನನ್ನನ್ನು ಇಲ್ಲಿಗೇರಿಸಿದ್ದು ಆ ಮರುದಿನದ ಸಂಜೆ. ಖಾಯಂ ಆಗುವುದು ಆರು ತಿಂಗಳು ಮುಂದೆ ಹೋಯಿತೆಂದು ಅವಳು ಅವ್ವನಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಬ್ಯಾಕಪ್ ನೋಡಿರಲಿಲ್ಲ, ತಪ್ಪು ನನ್ನದೇ ಎಂದು ಇನಾಮದಾರ ಸಾಹೇಬರ ಮುಂದೆ ಒಪ್ಪಿಕೊಂಡಳಂತೆ. ಆಮೇಲೆ ಪುಸ್ತಕವನ್ನು ಅವರು ಕೇಳಲಿಲ್ಲವಂತೆ.

"ಖರೇನ ನಿಂದ ತಪ್ಪೇನ?" ಎಂದಳು ಅವ್ವ.

ಮಂಗಲಾ ನನ್ನತ್ತ ನೋಡಿದಳು. ಸೋಮಾರಿ ಎನ್ನಿಸಿಕೊಳ್ಳಬಹುದು, ದಿನ ಬರುವ ಮೊದಲೇ ಹಾಕಿದ ಟಿಕ್ ನಂಬಿದ ಪೆದ್ದಿ ಎಂದು ಹೇಗೆ ಹೇಳಿಕೊಳ್ಳುವುದು? ಇದನ್ನು ಅವ್ವನಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದು ಅವಳು ತೀರ್ಮಾನಿಸಿದ್ದು ನನಗೆ ಕಂಡಿತು.

"ಹೂಂ ಬೇ," ಎಂದಳು. "ನಂದ."