ಅಯ್ಯನೋರಿಗೆ ಕೊಟ್ಟ ಮನೆ

ಚನ್ನಗಿರಿಯಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲು ನೌಕರಿ ಕೇಳುವುದಿಲ್ಲ, ಸಂಬಳ ಕೇಳುವುದಿಲ್ಲ. ‘ಯಾವ ಪೈಕಿ?’ ಅಷ್ಟೇ. 1979ರ ಬೇಸಿಗೆಯಲ್ಲಿ ಆ ಪ್ರಶ್ನೆಗೆ ನಿಜ ಹೇಳಿ ಹನ್ನೊಂದು ಬಾಗಿಲಿಗೆ ಕೈಮುಗಿದು ಬಂದಿದ್ದ ತಿಪ್ಪೇರುದ್ರಸ್ವಾಮಿ. ಜಗಳೂರು ಕಡೆಯ ಸೊಕ್ಕೆಯ ಮಾದರ ಕೇರಿಯವನು, ಇಲ್ಲಿನ ಶಾಲೆಗೆ ಮೇಷ್ಟ್ರಾಗಿ ವರ್ಗವಾಗಿ ಬಂದವನು. ಎಂಟು ತಿಂಗಳಿಂದ ಶಾಲೆಯ ಕೋಣೆಯಲ್ಲೇ ಮಲಗುತ್ತಿದ್ದ. ಹೆಂಡತಿ ಅಜ್ಜಮ್ಮ ಬಾಣಂತನ ಮುಗಿದರೂ ತವರಲ್ಲೇ ಇದ್ದಳು.

“ಮನಿ ಮಾಡಿ ಕರ್ಕಂಡು ಹೋಗ್ರಿ. ಅಲ್ಲೀತನ ಕಳ್ಸಂಗಿಲ್ಲ” ಎಂದು ಮಾವ ಕಡ್ಡಿ ಮುರಿದಂತೆ ಹೇಳಿದ್ದ. ಮಗಳು ಆಗಲೇ ಅಂಬೆಗಾಲಿಡುತ್ತಿದ್ದಳು. ಅಪ್ಪ ಅವಳನ್ನು ನೋಡಿದ್ದು ಎರಡೇ ಸಲ.

ಹನ್ನೆರಡನೆಯ ಬಾಗಿಲು ಸಿದ್ದಲಿಂಗಮ್ಮನದು. ಎಪ್ಪತ್ತರ ಮುದುಕಿ, ಹಿತ್ತಲಲ್ಲಿ ಎರಡಂಕಣದ ಮನೆ ಖಾಲಿ ಇತ್ತು. ಆಕೆ ಹೆಸರು ಕೇಳಿದಳು, ಇವನು ಹೇಳಿದ. ಪೈಕಿ ಕೇಳಲೇ ಇಲ್ಲ.

“ಅಯ್ಯನೋರಾ! ನಮ್ಮ ಪುಣ್ಯ. ಸೋಮವಾರ ಬರ್ರಿ, ಪಾದ ತೊಳ್ದು ಬೀಗದ ಕೈ ಕೊಡ್ತೀನಿ” ಎಂದು ಸೆರಗು ಹೊದ್ದು ಕೈಮುಗಿದಳು.

ಸ್ವಾಮಿ ಎಂಬ ಹೆಸರಿದ್ದವರೆಲ್ಲ ಜಂಗಮರು ಎಂದು ಆಕೆಯ ನಂಬಿಕೆ. ನಾಯಕನಹಟ್ಟಿಯ ದೇವರಿಗೆ ಹರಕೆ ಹೊತ್ತವರು ಯಾವ ಕೇರಿಯವರಾದರೂ ಮಗನಿಗೆ ಆ ದೇವರ ಹೆಸರನ್ನೇ ಇಡುತ್ತಾರೆಂದು ಜಗಳೂರು ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಸಿದ್ದಲಿಂಗಮ್ಮನಿಗೆ ಗೊತ್ತಿರಲಿಲ್ಲ. ತಿಪ್ಪೇರುದ್ರಸ್ವಾಮಿ ಬಾಯಿ ತೆರೆದ; ಮಗಳು ಕಣ್ಣಮುಂದೆ ಬಂದಳು; ಮುಚ್ಚಿದ. ಅದು ತಪ್ಪು ಎನ್ನುವವರು ಮೊದಲು ಹನ್ನೊಂದು ಬಾಗಿಲು ತಟ್ಟಿ ಬಂದು ಆಮೇಲೆ ಮಾತಾಡಲಿ.

ಸೋಮವಾರ ಮಣೆಯ ಮೇಲೆ ಕೂರಿಸಿದಳು. ತಟ್ಟೆಯಲ್ಲಿ ಅವನ ಪಾದ ಇಡಿಸಿ, ತಂಬಿಗೆ ಬಗ್ಗಿಸಿದಳು. ತೊಳೆದ ನೀರನ್ನು ಆಕೆ ಇನ್ನು ಪಾದೋದಕವೆಂದು ಕುಡಿಯುತ್ತಾಳೆ. ಅದು ಹೊಳೆದದ್ದೇ ಅವನಿಗೆ ಕೂತ ಕಡೆ ಕೂರಲಾಗಲಿಲ್ಲ.

“ಬ್ಯಾಡ್ರಮ್ಮ” ಎಂದು ಕಾಲು ಹಿಂದಕ್ಕೆಳೆದುಕೊಂಡ. “ನಾವು ಮಾದರ ಪೈಕಿ.”

ಮುದುಕಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಿಜ ಹೇಳ್ದೆ ಕಣಪ್ಪ, ನನ್ನ ಜಾತಿ ಉಳಿಸ್ದೆ. ನಿನ್ನ ಮಕ್ಳು ತಣ್ಣಗಿರ್ಲಿ” ಎಂದಳು. ಬೀಗದ ಕೈ ಮಾತ್ರ ಮತ್ತೆ ಸೊಂಟ ಸೇರಿತು.

ಜೊತೆಯ ಮೇಷ್ಟ್ರು ಪಂಚಾಕ್ಷರಪ್ಪನಿಗೆ ವಿಷಯ ತಿಳಿದು ಸಿಟ್ಟು ಬಂತು. “ಕಾನೂನು ಐತೆ ಮೇಷ್ಟ್ರೆ. ಖಾಲಿ ಮನಿ ಇದ್ರೆ ಸರ್ಕಾರಕ್ಕೆ ತಿಳಿಸ್ಬೇಕು, ಸರ್ಕಾರ ಅದನ್ನ ನೌಕರರಿಗೆ ಕೊಡಾಕೆ ಬರ್ತೈತೆ. ಯಾವ ಪೈಕಿ ಅಂತ ಅದ್ರಾಗೆ ಎಲ್ಲೂ ಬರ್ದಿಲ್ಲ. ಅರ್ಜಿ ಹಾಕ್ರಿ” ಎಂದ. ಬರೆದದ್ದೂ ಅವನೇ. ತಿಪ್ಪೇರುದ್ರಸ್ವಾಮಿ ಆ ಕಾಗದವನ್ನು ನಂಬಿ ಸಂತೆಯಲ್ಲಿ ಒಂದು ತೊಟ್ಟಿಲು ನೋಡಿಕೊಂಡೂ ಬಂದ.

ಎರಡು ತಿಂಗಳ ಮೇಲೆ ಮನೆ ಪರಿಶೀಲನೆಗೆ ಗುಮಾಸ್ತರೊಬ್ಬರು ಬಂದರು; ತಿಪ್ಪೇರುದ್ರಸ್ವಾಮಿಯೂ ಜೊತೆಗೆ ಹೋದ. ಸಿದ್ದಲಿಂಗಮ್ಮ ತಕರಾರಿಲ್ಲದೆ ಬಾಗಿಲು ತೆಗೆದಳು. ನಡುಮನೆಯಲ್ಲಿ ಎಮ್ಮೆ ನಿಂತಿತ್ತು. ಒಲೆ ಕಿತ್ತು ಹಾಕಿ, ಅಡಿಗೆಮನೆಯಲ್ಲಿ ಮೇವು ಹಾಕುವ ಗೋದಲಿ ಕಟ್ಟಿಸಿದ್ದಳು. ಎಮ್ಮೆ ಇವರತ್ತ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

“ಮನಿ ಎಲ್ಲೈತ್ರೀ ಸ್ವಾಮಿ, ಇದು ಕೊಟ್ಟಿಗೆ” ಎಂದಳು.

ಗುಮಾಸ್ತರು ಕಂಡದ್ದನ್ನು ಬರೆದುಕೊಂಡರು: ದನದ ಕೊಟ್ಟಿಗೆ, ವಾಸಕ್ಕೆ ಯೋಗ್ಯವಲ್ಲ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಬಿಸಿಲಲ್ಲಿ ಬಂದವರೆಂದು ಮುದುಕಿ ಮಜ್ಜಿಗೆ ತಂದಳು. ಗುಮಾಸ್ತರಿಗೆ ಲೋಟದಲ್ಲಿ ಕೊಟ್ಟಳು. ಇವನ ಕಡೆ ತಿರುಗಿ, ತಾಯಿಯ ಹಾಗೆ, “ಕೈ ಒಡ್ಡಪ್ಪ” ಎಂದಳು. ಬಾಯಾರಿತ್ತು. ಒಡ್ಡಿದ ಬೊಗಸೆಗೆ ಆಕೆ ಮೇಲಿನಿಂದ ಹುಯ್ದಳು. ಕುಡಿದ.

ಸಂಜೆ ಮಾವನಿಗೆ ಕಾಗದ ಬರೆದ. “ಮನೆ ಸಿಗಲಿಲ್ಲ. ಅಜ್ಜಮ್ಮ ಅಲ್ಲೇ ಇರಲಿ. ಮಗು ನಡೆಯುವುದು ಕಲಿತರೆ ಒಂದು ಕಾಗದ ಹಾಕಿಸಿ.”