ಪೀಠಿಕೆ ವಕೀಲರು

ಬಾಯಾರಿದರೂ ಪೀಠಿಕೆಯಿಲ್ಲದೆ ನೀರು ಕೇಳಿದವರಲ್ಲ ಆ ವಕೀಲರು. ಮೊದಲು ಗಂಟಲು ಸರಿಪಡಿಸಿಕೊಂಡು, ಕೋಟಿನ ಎರಡೂ ಅಂಚುಗಳನ್ನು ಎದೆಯ ಮೇಲಕ್ಕೆ ಎಳೆದುಕೊಂಡು, “ಮಾನವದೇಹಕ್ಕೆ ಜಲದ ಅನಿವಾರ್ಯತೆಯನ್ನು ಗಮನಿಸಿದಾಗ...” ಎಂದು ಆರಂಭಿಸುವಷ್ಟರಲ್ಲಿ ಎದುರಿಗಿದ್ದವರು ಎದ್ದುಹೋಗಿ ಲೋಟ ತಂದಿಟ್ಟಿರುತ್ತಿದ್ದರು. ನ್ಯಾಯಾಲಯದ ಹಿಂಬದಿಯ ಉಚಿತ ಕಾನೂನು ನೆರವಿನ ಕೊಠಡಿಯಲ್ಲಿ ಅವರಿಗೆ ಪೀಠಿಕೆ ವಕೀಲರೆಂದೇ ಹೆಸರು. ಅವರು ಅದನ್ನು ಬಿರುದೆಂದು ತಿಳಿದಿದ್ದರು.

ದರ್ಜಿಯಮ್ಮ ಮೊದಲ ಸಲ ಅಲ್ಲಿಗೆ ಹೋದಾಗ ಆಕೆಯ ಕಣ್ಣು ಬಿದ್ದದ್ದು ವಕೀಲರ ಮುಖದ ಮೇಲಲ್ಲ, ಕೋಟಿನ ಮೇಲೆ. ಭುಜದ ಹೊಲಿಗೆ ಬಿಟ್ಟು ಒಳಗಿನ ಅಸ್ತರು ಇಣುಕುತ್ತಿತ್ತು. ಬೇರೆ ಹೊತ್ತಿನಲ್ಲಾಗಿದ್ದರೆ ಸೂಜಿ ತೆಗೆಯುತ್ತಿದ್ದಳು. ಆದರೆ ಅಂಗಡಿ ಮುಚ್ಚುವಾಗ ಕತ್ತಿನ ಸರಕ್ಕೆ ಕೈಹಾಕಿದವನೊಬ್ಬ ಚಾಕು ಬೀಸಿದ್ದ. ಅಕ್ಕಪಕ್ಕದವರು ಅವನನ್ನು ಹಿಡಿದುಕೊಟ್ಟರೂ ಆಕೆಯ ಬಲಗೈ ಬೆರಳುಗಳ ನರ ಕತ್ತರಿಸಿಹೋಗಿತ್ತು. ಬೇಗ ಆಪರೇಷನ್ ಆಗದಿದ್ದರೆ ಆ ಬೆರಳುಗಳು ಇನ್ನು ಕತ್ತರಿ ಹಿಡಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಅದಕ್ಕೆ ಬೇಕಾದ ಹಣ ಮನೆಯಲ್ಲಿರಲಿಲ್ಲ.

ವಕೀಲರು ಅಂದೂ ಸಾಂಗವಾಗಿಯೇ ಶುರುಮಾಡಿದರು. ಪ್ರಜಾರಕ್ಷಣೆ ಪ್ರಭುತ್ವದ ಪರಮ ಕರ್ತವ್ಯವೆಂಬಲ್ಲಿ ಹುಟ್ಟಿದ ವಾಗ್ವಾಹಿನಿ ಯಾವ ಸಮುದ್ರ ಸೇರುತ್ತದೆಂಬುದು ಯಾರಿಗೂ ಹೊಳೆಯಲಿಲ್ಲ. ಜೊತೆಗೆ ಬಂದಿದ್ದ ನಾದಿನಿ ಪಿಸುಗುಟ್ಟಿದಳು: “ಅತ್ತಿಗೆ, ಇವರು ವಿಷಯಕ್ಕೆ ಬರೋದ್ರೊಳಗೆ ನಿಮ್ಮ ಕೈ ತಾನಾಗೇ ವಾಸಿ ಆಗತ್ತೆ!”

ಕೊನೆಗೆ ‘ಪರಿಹಾರ’ ಎಂಬ ಮಾತು ಬಂತು, ಜೊತೆಗೊಂದು ಅರ್ಜಿಯೂ ಮೇಜಿನ ಮೇಲೆ ಬಂತು. ದರ್ಜಿಯಮ್ಮ ಎಡಗೈಯಿಂದ ಅರ್ಜಿಯನ್ನು ಹಿಂದಕ್ಕೆ ತಳ್ಳಿದಳು. ಅದೇ ಮಾತು ಹೇಳಿಕೊಂಡು ಚಾಕು ಬೀಸಿದವನ ಸೋದರಮಾವ ಮನೆಗೆ ಬಂದಿದ್ದ. ಪರಿಹಾರ ಇಟ್ಟುಕೊಳ್ಳಿ, ಕೇಸು ಬಿಡಿ ಎಂದಿದ್ದ.

“ಅವನ ಕಡೆ ದುಡ್ಡು ನಂಗೆ ಬೇಡ ಸಾರ್. ಕೈ ಹೋದ್ರೆ ಹೋಗ್ಲಿ, ರಾಜಿ ಆಗಲ್ಲ.”

ಕೋಟಿನ ಅಂಚಿಗೆ ಹೋಗುತ್ತಿದ್ದ ವಕೀಲರ ಕೈ ಅರ್ಧಕ್ಕೇ ನಿಂತಿತು. ಗಂಟಲು ಕೂಡ ಸರಿಪಡಿಸಿಕೊಳ್ಳದೆ ಹೇಳಿದರು:

“ಇದು ಅವನ ದುಡ್ಡಲ್ಲಮ್ಮಾ. ಸರ್ಕಾರದ್ದು. ನಿಮ್ಮನ್ನ ಕಾಯಬೇಕಿತ್ತು, ಕಾಯಲಿಲ್ಲ. ಅದಕ್ಕೆ ಕೊಡತ್ತೆ.”

“ಕೇಸು?”

“ಅದರ ಪಾಡಿಗೆ ಅದು ನಡೆಯತ್ತೆ.”

“ಇದು ತಗೊಂಡ್ರೆ ಅವನಿಗೆ ಶಿಕ್ಷೆ ಕಮ್ಮಿ ಆಗಲ್ವಾ?”

“ಒಂದು ದಿನಾನೂ ಆಗಲ್ಲ.”

ಆಪರೇಷನ್ನಿಗೆ ಈಗಲೇ ಮಧ್ಯಂತರ ಪರಿಹಾರ ಕೇಳಬಹುದು, ದುಡಿಮೆ ನಿಂತದ್ದಕ್ಕೆ ಉಳಿದದ್ದು ಆಮೇಲೆ, ತೀರ್ಪಿನ ದಿನ ಅವನಿಂದ ದಂಡ ಕಟ್ಟಿಸಿ ನ್ಯಾಯಾಧೀಶರು ಕೊಡಿಸಿದರೆ ಆ ಲೆಕ್ಕ ಬೇರೆ. ಇಷ್ಟನ್ನೂ ಅವರು ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಸರಳವಾಗಿ ಹೇಳಿ ಮುಗಿಸಿದರು. ದರ್ಜಿಯಮ್ಮ ಎಡಗೈ ಹೆಬ್ಬೆಟ್ಟು ಒತ್ತಿದಳು.

ಉಳಿಸಿಟ್ಟ ಪೀಠಿಕೆ ವ್ಯರ್ಥವಾಗಲಿಲ್ಲ. ಮಂಜೂರು ಮಾಡುವ ಅಧಿಕಾರಿ “ಮುಂದಿನ ವಾರ ನೋಡೋಣ” ಎಂದಾಗ ವಕೀಲರು ಎದುರಿಗೆ ಕೂತು, ಕೋಟು ಎಳೆದುಕೊಂಡು, ಮಾನವನಾಗರಿಕತೆಯ ಉದಯದಿಂದ ಆರಂಭಿಸಿದರಂತೆ. ಕೃಷಿ ಹುಟ್ಟುವ ಮೊದಲೇ ಅಧಿಕಾರಿ ಸಹಿ ಹಾಕಿದರು.

ಆಪರೇಷನ್ ಆಗಿ ಬೆರಳುಗಳು ಮಡಚತೊಡಗಿದ ಮೇಲೆ ದರ್ಜಿಯಮ್ಮ ನಾದಿನಿಯೊಡನೆ ಮತ್ತೆ ಬಂದಳು. ಕೃತಜ್ಞತೆ ಹೇಳಲು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ, ಹೊಲಿಗೆ ಬಿಟ್ಟ ಆ ಭುಜ ಕಂಡೊಡನೆ ಮರೆತುಹೋಯಿತು.

“ಕೋಟು ಬಿಚ್ಚಿ ಸಾರ್.”

“ಅಂದರೆ, ಈ ಸಂದರ್ಭದಲ್ಲಿ...”

“ಬಿಚ್ಚಿಬಿಡಿ ಸಾರ್,” ಎಂದಳು ನಾದಿನಿ, “ಇಲ್ಲಾಂದ್ರೆ ಮೈಮೇಲೇ ಹೊಲೀತಾರೆ!”

ಕೋಟಿಲ್ಲದೆ ವಕೀಲರು ತೀರ ಚಿಕ್ಕವರಾಗಿ ಕಂಡರು. ದರ್ಜಿಯಮ್ಮನ ಕಿರುಬೆರಳು ಇನ್ನೂ ಸೆಟೆದುಕೊಂಡೇ ಇದ್ದುದರಿಂದ ಹೊಲಿಗೆ ತುಸು ವಕ್ರವಾಗಿ ಬಂತು. ವಕೀಲರು ಅದನ್ನು ಸವರಿ ನೋಡಿ, ಗಂಟಲು ಸರಿಪಡಿಸಿಕೊಂಡು, ಪೀಠಿಕೆಯಿಲ್ಲದೆ ಕೋಟು ತೊಟ್ಟುಕೊಂಡರು. ಅಂದಿನಿಂದ ಯಾರೊಡನೆ ಮಾತಾಡುವಾಗಲೂ ಆ ಭುಜವನ್ನೇ ಮುಂದುಮಾಡಿ ನಿಲ್ಲುತ್ತಾರೆ.

ಮಾತಿನ ದುಂದುಗಾರರನ್ನು ಕಂಡು ನಗುವುದು ನಮಗೆಲ್ಲ ಸುಲಭ. ಆದರೆ ನೊಂದ ಜೀವದ ಮುಂದೆ ಎಷ್ಟು ಮಾತು ಸಾಕೆಂದು ಬಲ್ಲವರು ಅವರಲ್ಲೂ ಇರುತ್ತಾರೆ. ಆ ಗಳಿಗೆಯಲ್ಲಿ ಆಡಂಬರವನ್ನು ಕೋಟಿನಂತೆ ಕಳಚಿ ಪಕ್ಕಕ್ಕಿಡುತ್ತಾರೆ. ಉಳಿದ ಹೊತ್ತಿನಲ್ಲಿ ಅಂಥವರ ಪೀಠಿಕೆಯನ್ನು ಕೂತು ಕೇಳುವುದು, ನಾವು ಸಂತೋಷದಿಂದ ತೀರಿಸಬೇಕಾದ ಋಣ.