ಕಡಲಿಗೆ ರಾಗಿ ಉಂಡೆ

“ಬಾಯಿಗೆ ನೀರು ಬಿಡಮ್ಮ, ಹೊತ್ತಾಯ್ತು” ಎಂದು ದೊಡ್ಡಣ್ಣ ಎರಡನೇ ಸಲ ಹೇಳಿದಾಗಲೂ ನರಸಮ್ಮ ನೀರಿನ ಲೋಟವನ್ನು ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದಳು. ಎದುರಿಗೆ ಅವಳ ಗಂಡ ಹನುಮಯ್ಯ ಗೋಡೆಗೊರಗಿದ್ದ. ಹಣೆಗೆ ನಾಮ, ಕೊರಳಿಗೆ ಚೆಂಡುಹೂವಿನ ಹಾರ. ಗಾಳ ಹಿಡಿದಾಗಲ್ಲದೆ ಬೇರೆಲ್ಲೂ ಇಷ್ಟು ಹೊತ್ತು ಸುಮ್ಮನೆ ಕೂತ ಆಸಾಮಿಯಲ್ಲ. ನಿನ್ನೆ ಸಂಜೆ ರಾಜಾಜಿನಗರದಲ್ಲಿ ಯಾರದೋ ಹೊಸ ಮನೆಗೆ ಹೆಂಚು ಹೊದಿಸಿ ಲಗ್ಗೆರೆಗೆ ಬಂದವನು ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತ, ಮತ್ತೆ ಏಳಲಿಲ್ಲ.

“ಎಲ್ರೂ ಬಿಟ್ಟಾಯ್ತು. ಹೆಂಡ್ತಿ ನೀರು ಬೀಳದೆ ಹೆಣ ಎತ್ತಂಗಿಲ್ಲ ಅನ್ನೋದು ನಿಂಗೆ ಗೊತ್ತಿಲ್ವಾ?”

“ನಾನು ಬಿಡಲ್ಲ ಭಾವ. ಮುನಿವೆಂಕಟಪ್ಪಣ್ಣ ಬರ್ಲಿ. ಒಂದು ಮಾತು ಕೇಳ್ಬೇಕು.”

ಗಂಡನ ಅಣ್ಣನಿಗೆ ಅವಳು ಎದುರು ಮಾತಾಡಿದ್ದು ಅದೇ ಮೊದಲು. ದೊಡ್ಡಣ್ಣ ತಲೆಯ ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡು ಹೊರಗೆ ಹೋದ. ಪಕ್ಕದ ಮನೆ ಬಸವ್ವ ಮಾತ್ರ ತಲೆ ತಗ್ಗಿಸಿದಳು. ಕೇಳಬೇಕಾದ ಮಾತು ಏನೆಂದು ಅವಳಿಗೆ ಗೊತ್ತಿತ್ತು. ಅದನ್ನು ನರಸಮ್ಮನ ತಲೆಗೆ ಬಿಟ್ಟವಳೇ ಅವಳು.

* * *

ಹನುಮಯ್ಯನಿಗೆ ಇದ್ದದ್ದು ಒಂದೇ ಷೋಕಿ. ಯುಗಾದಿ ಮಾರನೇ ದಿನದ ಹೊಸತೊಡಕು ಮುಗಿಯುತ್ತಲೇ, ಹೆಂಚು ಇಳಿಸಿ ಮಂಗಳೂರಿಗೆ ವಾಪಸ್ಸು ಹೊರಟ ಗೆಳೆಯ ಮುನಿವೆಂಕಟಪ್ಪನ ಲಾರಿ ಹತ್ತಿ ಕಡಲಿಗೆ ಗಾಳ ಹಾಕಲು ಹೋಗುತ್ತಿದ್ದ. ಹೊಟ್ಟೆಪಾಡಿಗಲ್ಲ, ಬರೀ ಮನಸ್ಸಿನ ಖುಷಿಗೆ. ಹೊರಡುವ ದಿನ ನರಸಮ್ಮ ಕೋಳಿ ಕೂಗುವ ಮೊದಲೇ ಎದ್ದು ರಾಗಿಹಿಟ್ಟು ಬೇಯಿಸಿ, ಕಡ್ಲೆಕಾಯಿ ಹಿಂಡಿಯ ಪುಡಿ ಬೆರೆಸಿ ನಾದಿ, ಗಾಳಕ್ಕೆ ಸಿಗಿಸಲು ಗೋಲಿಯಷ್ಟು ಉಂಡೆ ಕಟ್ಟಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಡುತ್ತಿದ್ದಳು. ಲಗ್ಗೆರೆ ಕೆರೆಯ ಗೆಂಡೆ ಮೀನು ಆ ಉಂಡೆಗೆ ಪ್ರಾಣ ಬಿಡುತ್ತಿತ್ತು. ಕಡಲಾದರೇನು, ಮೀನು ಮೀನೇ ತಾನೆ ಎಂಬುದು ಅವಳ ಲೆಕ್ಕ.

ಬರುವಾಗ ಅವನು ಒಂದು ಕಟ್ಟು ಒಣಮೀನು ತರುತ್ತಿದ್ದ. “ನಿನ್ನ ಉಂಡೆಗೆ ಬಿದ್ದಿದ್ದು ಕಣೇ. ಹಸೀದು ತಂದ್ರೆ ಘಟ್ಟ ಹತ್ತೋದ್ರಲ್ಲಿ ನಾರುತ್ತೆ, ಅದಕ್ಕೇ ಅಲ್ಲೇ ಒಣಗಿಸ್ದೆ” ಎನ್ನುತ್ತಿದ್ದ. ಅವಳು ಬೀದಿಗೆಲ್ಲ ಹಂಚಿ ಮೆರೆಯುತ್ತಿದ್ದಳು.

“ನನ್ನೂ ಕರ್ಕೊಂಡೋಗು, ಕಡಲು ನೋಡ್ಬೇಕು” ಎಂದರೆ ಮಾತ್ರ ಪ್ರತಿ ವರ್ಷ ಒಂದೊಂದು ನೆಪ. ಲಾರಿಯಲ್ಲಿ ಸೊಂಟ ಹೋಗುತ್ತದೆ, ಬಿಸಿಲಿಗೆ ತಲೆ ಸುತ್ತುತ್ತದೆ, ಮುಂದಿನ ವರ್ಷ ನೋಡೋಣ.

“ಲಗ್ಗೆರೆ ಕೆರೇಲಿ ಇಲ್ದಿರೋ ಮೀನು ಅಲ್ಲೇನಿದ್ದಾತು?” ಎಂದು ಬಸವ್ವ ಒಮ್ಮೆ ಕಣ್ಣು ಕಿರಿದು ಮಾಡಿ ಕೇಳಿದ್ದಳು. “ಸೀರೆ ಉಟ್ಟ ಮೀನೇ ಇರ್ಬೇಕು, ನೋಡ್ಕೋ.”

ಮಾತು ತಮಾಷೆಯದೇ. ಆದರೆ ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ನರಸಮ್ಮನ ಹೊಟ್ಟೆಯೊಳಗೆ ಅದು ಕೂತುಬಿಟ್ಟಿತು. ಕೇಳಿದರೆ ಹೌದೆಂದುಬಿಟ್ಟಾನೆಂಬ ಭಯಕ್ಕೆ ಗಂಡನನ್ನು ಅವಳು ಕೇಳಲೇ ಇಲ್ಲ.

* * *

ಮುನಿವೆಂಕಟಪ್ಪ ಬಂದವನೇ ಗೆಳೆಯನ ಕಾಲು ಹಿಡಿದು ಅತ್ತ. ನರಸಮ್ಮ ಅವನನ್ನು ಅಳಲೂ ಬಿಡಲಿಲ್ಲ.

“ಅಣ್ಣ, ಹೆಣದ ಮುಂದೆ ಸುಳ್ಳು ಹೇಳ್ಬೇಡ. ಅಲ್ಲಿ ಇನ್ನೊಬ್ಳು ಇದ್ಲಾ? ಇದ್ರೆ ಅವಳೇ ಬಂದು ನೀರು ಬಿಡ್ಲಿ.”

“ಥೂ, ಬಿಡ್ತು ಅನ್ನು ತಂಗ್ಯವ್ವ! ಆ ದೇವ್ರಂಥೋನಿಗೆ?”

“ಹಂಗಾರೆ ನನ್ನ ಯಾಕೆ ಕರ್ಕೊಂಡೋಗ್ಲಿಲ್ಲ?”

ಮುನಿವೆಂಕಟಪ್ಪ ಹೆಣದ ಕಡೆ ನೋಡಿದ, ಕ್ಷಮೆ ಕೇಳುವವನಂತೆ. ಆಮೇಲೆ ದನಿ ತಗ್ಗಿಸಿದ.

“ನಿನ್ನ ಉಂಡೆಗೆ ಒಂದು ಮೀನೂ ಬೀಳ್ಲಿಲ್ಲ ಕಣವ್ವ. ಒಂದ್ ವರ್ಷಾನೂ ಬೀಳ್ಲಿಲ್ಲ. ರಾಗಿ ಉಂಡೆ ಆ ಅಲೆಗೆ ನಿಲ್ಲತ್ತಾ? ಎಸೆದೇಟ್ಗೆ ಕರಗಿ ಬರೀ ಗಾಳ ವಾಪಸ್ ಬರೋದು. ಅಲ್ಲಿಯೋರು ಬಿದ್ದು ಬಿದ್ದು ನಗೋರು. ಸೀಗಡಿ ಸಿಗ್ಸೋ ಅಂತ ನಾನೂ ಬಡ್ಕೊಂಡೆ. ‘ಮನೆಯೋಳು ನಿದ್ದೆಗೆಟ್ಟು ಕಟ್ಟವ್ಳೆ, ಚೆಲ್ಲೋಕಾಗತ್ತೇನ್ಲಾ’ ಅನ್ನೋನು. ಉಂಡೆ ಮುಗಿಯೋಗಂಟ ಅದನ್ನೇ ಸಿಗ್ಸಿ ಎಸೆಯೋನು.”

“ಮತ್ತೆ ಆ ಒಣಮೀನು?”

“ಬಂದರಿನಲ್ಲಿ ಕೊಂಡಿದ್ದು. ನಿನ್ನ ಕರ್ಕೊಂಡು ಬಾರ್ಲಾ ಅಂದ್ರೆ, ‘ಕಣ್ಣಾರೆ ನೋಡಿದ್ರೆ ನೊಂದ್ಕೋತಾಳೆ, ಬೀದಿಗೆಲ್ಲ ಹಂಚಿ ಹೇಳ್ಕೊಂಡವ್ಳೆ’ ಅಂತಿದ್ದ.”

ನರಸಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು. ಇಷ್ಟು ವರ್ಷ ಈ ಮನುಷ್ಯನನ್ನು ಅನುಮಾನಿಸಿದೆನಲ್ಲ ಎಂದು ಸಂಕಟವಾಯಿತು. ಮುಂದೆ ಬಾಗಿ ಗಂಡನ ಬಾಯಿಗೆ ನೀರು ಬಿಟ್ಟಳು, ಗಲ್ಲಕ್ಕೆ ಹರಿದದ್ದನ್ನು ಬೆರಳಿನಿಂದ ಒರೆಸಿದಳು.

ಅಷ್ಟರಲ್ಲಿ ಕಣ್ಣೆದುರಿಗೆ ಬಂತು: ಎಂದೂ ಕಾಣದ ಆ ಕಡಲು, ದಡದಲ್ಲಿ ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಲ್ಲಿ ನಿಂತು ಹಟ ಹಿಡಿದು ಮೀನುಗಳಿಗೆ ರಾಗಿ ಉಣಿಸುತ್ತಿರುವ ಹನುಮಯ್ಯ. ಹೊಟ್ಟೆಯ ಆಳದಿಂದ ನಗು ಉಕ್ಕಿಬಂತು. ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡು ಗಂಡನ ಮಡಿಲಿಗೆ ಮುಖ ಹುದುಗಿಸಿದಳು. ಭುಜಗಳು ಕುಲುಕಾಡತೊಡಗಿದವು.

“ಅಯ್ಯೋ, ಈಗ ದುಃಖ ಒಡೀತು ಕಣ್ರವ್ವ! ಅಳ್ಲಿ, ಬಿಡಿ!” ಎಂದು ಬಸವ್ವ ಅವಳ ಬೆನ್ನಿನ ಮೇಲೆ ಬಿದ್ದು ಗೊಳೋ ಎಂದಳು. ಹೆಂಗಸರೆಲ್ಲ ದನಿಗೂಡಿಸಿದರು. ಹೊರಗೆ ತಮಟೆ ಜೋರಾಯಿತು. ಅವರೆಲ್ಲರ ಅಳುವಿನ ಕೆಳಗೆ ನರಸಮ್ಮ ಕಣ್ಣೀರು ಸುರಿಸುತ್ತಾ ನಗುತ್ತಲೇ ಇದ್ದಳು.